ಮುಚ್ಚಿದ ಕೋರ್ಟಿನಲ್ಲಿ ದೊಡ್ಡಮ್ಮನ ಸಾಕ್ಷಿ

"ಮುಟ್ಟಬೇಡ ತೊಮಾಸಕ್ಕ! ಆ ಮೇಣದಬತ್ತಿಗೆ ಕೈ ಹಾಕಿದರೆ ನೋಡು ಮತ್ತೆ!"

ನಸಾರಿಯಾ ಹಾಗೆ ಕಿರುಚಿದ್ದಕ್ಕೆ ಕೋಣೆಯಲ್ಲಿದ್ದವರೆಲ್ಲ ಹಾಡು ನಿಲ್ಲಿಸಿಬಿಟ್ಟರು. ಬ್ರಾಂಕ್ಸ್‌ನ ಆ ಮನೆಯ ಕಿಟಕಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ಕ್ರಿಸಾಂತಾ ದೊಡ್ಡಮ್ಮ ತೀರಿಕೊಂಡು ಒಂಬತ್ತನೆಯ ರಾತ್ರಿ ಕಳೆದಿತ್ತು. ಹೊಂಡುರಾಸ್ ಕರಾವಳಿಯ ಗರಿಫುನಾ ಜನ ಆ ರಾತ್ರಿಯ ಜಾಗರಣೆಗೆ ಬೆಲೂರಿಯಾ ಅನ್ನುತ್ತಾರೆ. ಡೋಲು ಬಡಿದದ್ದಾಯಿತು, ರಮ್ ಕುಡಿದದ್ದಾಯಿತು, ಮೀನು, ಕಸಾವಾ ಗೆಣಸಿನ ರೊಟ್ಟಿ ತಿಂದು, ಅತ್ತು, ಸತ್ತವಳ ಜಿಪುಣತನ ನೆನೆದು ನಕ್ಕದ್ದೂ ಆಯಿತು. ಇನ್ನು ಗೋಡೆಗೆ ಕಟ್ಟಿದ ಬಿಳಿ ಬಟ್ಟೆ ಬಿಚ್ಚಿ, ದೀಪ ಆರಿಸಿ, ಲೋಟದ ನೀರು ಚೆಲ್ಲಿದರೆ ಸತ್ತವಳು ಹೊರಡುತ್ತಾಳೆ. ಬಿಚ್ಚದಿದ್ದರೆ ಇಲ್ಲೇ ಉಳಿಯುತ್ತಾಳೆ.

"ತಲೆ ಕೆಟ್ಟಿದೆಯೇನೇ ನಿಂಗೆ? ಹೊರಟು ನಿಂತವಳನ್ನ ಬಾಗಿಲಲ್ಲಿ ಅಡ್ಡಗಟ್ತಾರಾ ಯಾರಾದ್ರೂ?" ಅಂದಳು ತೊಮಾಸಾ. ಸತ್ತವರ ಮನೆಗಳಲ್ಲಿ ಪ್ರಾರ್ಥನೆ ಹೇಳಿಸುವ ಹಿರಿಯಳು ಅವಳು, ಬೈಯುವುದರಲ್ಲೂ ಹಿರಿಯಳೇ.

"ನಾಳೆ ಕೋರ್ಟಿದೆ ಅಕ್ಕ. ದೊಡ್ಡಮ್ಮ ನಂಗೆ ಮಾತು ಕೊಟ್ಟಿದಾಳೆ. ಅದೊಂದು ಮುಗೀಲಿ, ನಾನೇ ಬಿಚ್ತೀನಿ."

ಕೋರ್ಟು ಅಂದರೆ ವಲಸೆ ಕೋರ್ಟು. ನಸಾರಿಯಾ ಈ ದೇಶದಲ್ಲಿ ಉಳಿಯಬೇಕೋ, ಹೊಂಡುರಾಸ್‌ಗೆ ವಾಪಸ್ ಹೋಗಿ ಸಾಯಬೇಕೋ ಅನ್ನುವುದು ಅಲ್ಲಿ ತೀರ್ಮಾನವಾಗಬೇಕಿತ್ತು. ಅವಳು ಚಿಕ್ಕವಳಿದ್ದಾಗ, ಸಮುದ್ರದ ದಂಡೆಯ ಜಮೀನಿಗೆ ಬೇಲಿ ಹಾಕಬೇಡಿ ಅಂದಿದ್ದಕ್ಕೆ ಅವಳಣ್ಣ ಸಾಬಾಸ್‌ನನ್ನು ಕೊಂದಿದ್ದರು. ಕೊಂದವರು ಈಗ ಇವಳ ಹೆಸರು ಕೇಳಿಕೊಂಡು ಊರಲ್ಲಿ ತಿರುಗುತ್ತಿದ್ದರು. ಆದರೆ ಕೊಂದವರು ಯಾರು, ಹೇಗೆ ಕೊಂದರು ಅಂತ ಕಣ್ಣಾರೆ ಕಂಡಿದ್ದು ದೊಡ್ಡಮ್ಮ ಒಬ್ಬಳೇ. ನಸಾರಿಯಾ ಪಕ್ಕದಲ್ಲೇ ಇದ್ದಳು, ಆದರೂ ಅವಳಿಗೆ ಏನೂ ಕಂಡಿರಲಿಲ್ಲ. ದೊಡ್ಡಮ್ಮ ಅವಳ ತಲೆ ಹಿಡಿದು ತನ್ನ ಲಂಗದೊಳಗೆ ಒತ್ತಿಬಿಟ್ಟಿದ್ದಳು.

ನಸಾರಿಯಾಳ ವಕೀಲೆ ಎಷ್ಟು ಗೋಗರೆದರೂ ಮುದುಕಿ ಸಾಕ್ಷಿ ಬರೆಸಿಕೊಡಲಿಲ್ಲ. "ಒಂದ್ಸಲ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಕ್ಕೇ ಜಮೀನು ಹೋಯ್ತು. ನಾನು ಜಡ್ಜ್ ಮುಖ ನೋಡ್ಕೊಂಡೇ ಹೇಳೋದು" ಅನ್ನುತ್ತಿದ್ದಳು. ಅಂಥ ಹಟಮಾರಿ. ಹಟ ಹಿಡಿದುಕೊಂಡೇ ಕಣ್ಣು ಮುಚ್ಚಿದಳು.

ಹಿರಿಯರು ಮೈಮೇಲೆ ಬಂದು ಮಾತಾಡುವುದು ಆ ಜನಕ್ಕೆ ಹೊಸದಲ್ಲ. ನಸಾರಿಯಾ ನೆಚ್ಚಿಕೊಂಡಿದ್ದೂ ಅದನ್ನೇ.

"ಮೈಮೇಲೆ ಬಂದಾಗ ಏನು ಮಾತಾಡಿದೆ ಅಂತ ಆಮೇಲೆ ನಿಂಗೇ ನೆನಪಿರಲ್ಲ, ಗೊತ್ತು ತಾನೆ?" ಅಂದಳು ತೊಮಾಸಾ.

"ನಂಗ್ಯಾಕೆ ನೆನಪಿರಬೇಕು? ಜಡ್ಜಿಗಿದ್ರೆ ಸಾಕು. ನಮ್ಮ ಭಾಷೆ ಬಲ್ಲ ದುಭಾಷಿ ಇರ್ತಾನೆ, ಎಲ್ಲಾ ರೆಕಾರ್ಡ್ ಆಗುತ್ತೆ."

ತೊಮಾಸಾ ಶಿಲುಬೆಯ ಗುರುತು ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. ದೀಪ ಉರಿಯುತ್ತಲೇ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಲೋಟದ ನೀರು ಅರ್ಧವಾಗಿತ್ತು. ನಸಾರಿಯಾ ಮತ್ತೆ ತುಂಬಿಸಿಟ್ಟಳು. ಸಂಜೆ ನೋಡಿದರೆ ಲೋಟ ಖಾಲಿ.

ಅದೇ ಸಂಜೆ ವಕೀಲೆಯ ಫೋನ್ ಬಂತು. "ಬಜೆಟ್ ಜಗಳದಲ್ಲಿ ಸರ್ಕಾರ ದುಡ್ಡಿಲ್ಲದೆ ಬಾಗಿಲು ಹಾಕಿದೆ, ಕೋರ್ಟೂ ಮುಚ್ಚಿದೆ. ನಾಳೆ ನಿಮ್ಮ ವಿಚಾರಣೆ ಇಲ್ಲ. ಬರಬೇಡಿ."

ಬರಬೇಡಿ ಅಂದರೆ ಆಯಿತೇ? ಬಾರದವರಿಗೆ ಗೈರುಹಾಜರಿ ಬರೆದು ಗಡೀಪಾರಿನ ಆದೇಶ ಕೊಟ್ಟ ಕಥೆಗಳು ಆ ಬೀದಿಯಲ್ಲಿ ಮನೆಗೊಂದಿದ್ದವು. ಮೇಲಾಗಿ, ದೊಡ್ಡಮ್ಮನಿಗೆ ಇದನ್ನು ಯಾರು ಹೇಳಬೇಕು? ನಸಾರಿಯಾ ದೀಪದ ಮುಂದೆ ನಿಂತು, "ನಾಳೆ ಇಲ್ವಂತೆ ದೊಡ್ಡಮ್ಮ, ಸ್ವಲ್ಪ ತಡ್ಕೋ" ಅಂದಳು. ಜ್ವಾಲೆ ಅಲುಗಾಡಲಿಲ್ಲ. ಬದುಕಿದ್ದಾಗಲೂ ಯಾರ ಮಾತು ಕೇಳಿದವಳು ಅವಳು!

ಬೆಳಿಗ್ಗೆ ದೊಡ್ಡಮ್ಮನ ತಲೆವಸ್ತ್ರ ಚೀಲದಲ್ಲಿಟ್ಟುಕೊಂಡು ಹೊರಟಳು. ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಆದರೂ ಅವಳ ಪಕ್ಕದ ಸೀಟು ಖಾಲಿ ಉಳಿಯಿತು. ಒಬ್ಬ ದಢೂತಿ ಆಸಾಮಿ ಕೂರಲು ಬಗ್ಗಿದವನು, "ಸಾರಿ ಅಮ್ಮಾ" ಅಂತ ಆ ಸೀಟಿಗೆ ಹೇಳಿ ಹಿಂದೆ ಸರಿದ. ನಸಾರಿಯಾಗೆ ಭಯವಾಯಿತು. ಖುಷಿಯೂ ಆಯಿತು, ಸುಳ್ಳೇಕೆ ಹೇಳಬೇಕು.

ಕೋರ್ಟಿನ ಕಟ್ಟಡದ ಗಾಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಒಳಗೆ ದೀಪಗಳು ಉರಿಯುತ್ತಿದ್ದವು, ಒಂದು ನರಪಿಳ್ಳೆಯೂ ಇರಲಿಲ್ಲ. ಕಾವಲಿಗಿದ್ದ ರೋಸ್ಕೊ ಎಂಬ ವಯಸ್ಸಾದ ಕರಿಯ ಮನುಷ್ಯ ಬಾಗಿಲು ತೆರೆದು ತಲೆಯಾಡಿಸಿದ.

"ಮುಚ್ಚಿದೆ ತಾಯಿ. ಜಡ್ಜಿಲ್ಲ, ಗುಮಾಸ್ತರಿಲ್ಲ. ಸಂಬಳವಿಲ್ಲದೆ ಕಾಯೋಕೆ ನಾನೊಬ್ಬ ಇದೀನಿ ನೋಡು, ದೊಡ್ಡ ಗಂಡು!" ಆಮೇಲೆ ಅವಳ ಹೆಗಲಾಚೆ ನೋಡಿ ದನಿ ತಗ್ಗಿಸಿದ. "ಪಾಪ, ವಯಸ್ಸಾದವರನ್ನ ಯಾಕೆ ಚಳೀಲಿ ನಿಲ್ಲಿಸಿದೀಯ? ಒಳಗೆ ಬಂದು ಆ ಬೆಂಚ್ ಮೇಲೆ ಸುಧಾರಿಸ್ಕೊಳ್ಳಿ ಇಬ್ರೂ."

ನಸಾರಿಯಾ ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಒಳಗೆ ಹೋಗಿ ಬೆಂಚಿನ ಮೇಲೆ ಕೂತಳು. ಕೊಬ್ಬರಿ ಎಣ್ಣೆಯ ವಾಸನೆ ಬಂತು. ಗೋಡೆಯ ಗಡಿಯಾರ ಒಂಬತ್ತು ಹೊಡೆಯಿತು. ಅವಳ ವಿಚಾರಣೆಯ ಹೊತ್ತು. 'ಬೇಡ ದೊಡ್ಡಮ್ಮ, ಇವತ್ತು ಬೇಡ, ಕೇಳೋರು ಯಾರೂ ಇಲ್ಲ' ಅನ್ನಬೇಕು ಅಂತ ಬಾಯಿ ತೆರೆದಳು.

ಅಷ್ಟೇ ಗೊತ್ತು.

ಕಣ್ಣು ಬಿಟ್ಟಾಗ ನೆಲದ ಮೇಲಿನ ಬಿಸಿಲು ಆಚೆ ಗೋಡೆಗೆ ಹೋಗಿತ್ತು. ಗಂಟಲು ಉರಿಯುತ್ತಿತ್ತು, ಕೆನ್ನೆ ಒದ್ದೆ. ದೊಡ್ಡಮ್ಮನ ತಲೆವಸ್ತ್ರ ಅವಳ ತಲೆಯ ಮೇಲೆ ಬಿಗಿಯಾಗಿ ಕಟ್ಟಿತ್ತು. ರೋಸ್ಕೊ ಟೋಪಿ ಕೈಯಲ್ಲಿ ಹಿಡಿದು ದೂರ ನಿಂತಿದ್ದ.

"ನಾನು ಮಾತಾಡಿದ್ನಾ?" ಅಂತ ಕೇಳಿದಳು.

"ಮಾತಾ? ಉಸಿರು ಬಿಡದೆ ಹೇಳಿದೆ ತಾಯಿ. ಆ ನನ್ನ ಖಾಲಿ ಕುರ್ಚಿ ಕಡೆ, ಅಲ್ಲಿ ಜಡ್ಜೇ ಕೂತಿರೋ ಹಾಗೆ ಮುಖ ಮಾಡಿ, ಬಲಗೈ ಎತ್ತಿ ಆಣೆ ಇಟ್ಟು ಶುರು ಮಾಡಿದೆ. ಅದು ನಿನ್ನ ದನಿ ಅಲ್ಲ. ಸ್ಪ್ಯಾನಿಶ್ ಆಗಿದ್ರೆ ನಂಗೆ ಅರ್ಥ ಆಗ್ತಿತ್ತು. ಇದು ಬೇರೇನೋ ಭಾಷೆ. ಒಂದಕ್ಷರ ತಿಳೀಲಿಲ್ಲ."

"ನನ್ನ ಜೊತೆ ಬಂದವರು?"

"ಮಾತು ಮುಗೀತು, ನಂಗೊಂದು ನಮಸ್ಕಾರ ಹಾಕಿ ಹೊರಟುಹೋದ್ರು. ಬಾಗಿಲು ತೆಗೆದವನು ನಾನೇ."

ಮನೆಗೆ ಬಂದರೆ ದೀಪ ಆರಿತ್ತು. ಬಿಳಿ ಬಟ್ಟೆ ಗೋಡೆಯಿಂದ ಕಳಚಿ ಮಡಿಸಿಟ್ಟಿತ್ತು; ಮೂಲೆಗೆ ಮೂಲೆ ಕೂಡಿಸಿ, ದೊಡ್ಡಮ್ಮ ಮಡಿಸುತ್ತಿದ್ದ ಹಾಗೆಯೇ. ಬೀಗದ ಕೈ ನಸಾರಿಯಾಳ ಹತ್ತಿರವೇ ಇತ್ತು. ಅವಳು ನೆಲಕ್ಕೆ ಕುಸಿದು, ಎದೆ ಬಡಿದುಕೊಂಡು ಅತ್ತಳು. ಮುದುಕಿ ಕೊಟ್ಟ ಮಾತು ನಡೆಸಿ ಹೋಗಿದ್ದಳು. ಹೇಳಿದ ದಿನ, ಹೇಳಿದ ಹೊತ್ತಿಗೆ. ಮಾತಿಗೆ ತಪ್ಪಿದ್ದು ಇಷ್ಟು ದೊಡ್ಡ ಸರ್ಕಾರ!

ತಿಂಗಳು ಕಳೆದ ಮೇಲೆ ದೊಡ್ಡವರೆಲ್ಲ ರಾಜಿಯಾಗಿ ಸರ್ಕಾರ ಬಾಗಿಲು ತೆರೆಯಿತು. ಬಾಕಿ ಬಿದ್ದ ಕೇಸುಗಳೆಲ್ಲ ಸಾಲಿನ ತುದಿಗೆ ಹೋದವು. ನಸಾರಿಯಾಗೆ ಸಿಕ್ಕ ಹೊಸ ತಾರೀಖು ಮೂರು ವರ್ಷ ಆಚೆಗಿತ್ತು.

"ಕೊಂದವರು ಯಾರು ಅಂತ ಹೇಳೋಕೆ ಬೇರೆ ಸಾಕ್ಷಿ ಯಾರಾದ್ರೂ ಇದಾರಾ?" ಅಂತ ವಕೀಲೆ ಕೇಳಿದಳು.

ನಸಾರಿಯಾ ಫೋನ್ ಇಟ್ಟು, ಸೀದಾ ಕೋರ್ಟಿಗೆ ಹೋದಳು. ಈಗ ಅಲ್ಲಿ ಜನವೋ ಜನ. ರೋಸ್ಕೊ ಅವಳನ್ನು ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಅವನ ತೋಳು ಹಿಡಿದು ಬಿಡಲೇ ಇಲ್ಲ.

"ಆವತ್ತು ಕೇಳಿದವನು ನೀನೊಬ್ಬನೇ ಕಣಪ್ಪಾ. ಏನಾದ್ರೂ ನೆನಪು ಮಾಡ್ಕೋ. ಒಂದು ಹೆಸರು, ಒಂದು ಶಬ್ದ, ಏನಾದ್ರೂ."

"ಶಬ್ದ ಒಂದೂ ನೆನಪಿಲ್ಲ ತಾಯಿ. ದೇವರಾಣೆ ಇಲ್ಲ. ಆದ್ರೆ ಹೇಳ್ತಾ ಹೇಳ್ತಾ ನೀನು ಕೈಯಲ್ಲಿ ಹೀಗೆ ಮಾಡ್ತಿದ್ದೆ. ಕೊನೇವರೆಗೂ ಬಿಡಲಿಲ್ಲ."

ಅವನು ಬಲಗೈ ಚಾಚಿ, ಪುಟ್ಟ ಹುಡುಗಿಯೊಬ್ಬಳ ತಲೆ ಎಷ್ಟೆತ್ತರಕ್ಕೆ ಬರುತ್ತದೋ ಅಷ್ಟೆತ್ತರದಲ್ಲಿ ಅಂಗೈ ಇಟ್ಟು, ಗಾಳಿಯನ್ನು ತನ್ನ ತೊಡೆಯ ಕಡೆಗೆ ಮೆಲ್ಲಗೆ ಒತ್ತಿದ.

ನಸಾರಿಯಾಳ ಕತ್ತು ತಾನಾಗಿಯೇ ಬಗ್ಗಿತು. ಆ ಜನಜಂಗುಳಿಯ ನಡುವೆ, ಹಾಡುಹಗಲಲ್ಲಿ, ಅವಳಿಗೆ ಮತ್ತೆ ಏನೂ ಕಾಣಿಸದಾಯಿತು.