ನಾಲ್ಕು ಸೀಟಿನ ದೋಣಿ

ಹೊಳೆ ತನ್ನದು ಎಂದೇ ಪ್ರಮಿಳಾ ತಿಳಿದಿದ್ದಳು. ಖಾನಾಪುರದಲ್ಲಿ ಹೊಳೆಗಿಳಿಯುವ ಮೆಟ್ಟಿಲ ಘಾಟಿನಿಂದ ಎರಡು ಓಣಿ ಈಚೆಗೆ ಅವಳ ಮನೆ. ಏಳು ವರ್ಷದವಳಿದ್ದಾಗಲೇ ಮಲಪ್ರಭೆಯನ್ನು ಈ ದಡದಿಂದ ಆ ದಡಕ್ಕೆ ಈಜಿದವಳು. ಬೆಳಗಾವಿಯ ಅವಳ ಕಾಲೇಜು ಈ ವರ್ಷ ದೋಣಿ ಕ್ಲಬ್ಬು ತೆರೆದು, ಖಾನಾಪುರದ ಬಂಧಾರದ ಒಡ್ಡಿನ ಹಿಂದೆ ನಿಂತ ನೀರಿನಲ್ಲಿ ಅಭ್ಯಾಸ ಎಂದು ನೋಟೀಸು ಹಚ್ಚಿದಾಗ ಮೊದಲ ಹೆಸರು ಅವಳದೇ. ಒಬ್ಬಳೇ ಹೋಗಲು ಮುಜುಗರವಾಗಿ ಎರಡನೆಯ ಹೆಸರನ್ನೂ ಅವಳೇ ಬರೆಸಿದಳು. ಅದು ಬೆಳಗಾವಿ ಟಿಳಕವಾಡಿಯ ಸಮೃದ್ಧಿಯದು, ತರಗತಿಯಲ್ಲಿ ಪಕ್ಕದಲ್ಲಿ ಕೂರುವ ಗೆಳತಿಯದು.

"ನನಗ ಬಕೆಟ್ಟಿನ್ಯಾಗಿನ ನೀರ ಕಂಡ್ರೂ ಅಂಜಿಕಿ, ಪಮ್ಮಿ."

"ಜಾಕೀಟ ಹಾಕಿರ್ತಾರ, ಮುಳಗಂಗಿಲ್ಲ. ನಾ ಅದೇನಿ, ಬಾ."

ಬಾ ಎಂದು ಯಾಕೆ ಕರೆದೆನೋ ಎಂದು ಪ್ರಮಿಳಾ ಎರಡು ತಿಂಗಳಿಂದ ಹಳಹಳಿಸುತ್ತಿದ್ದಳು.

ಹುಟ್ಟು ಹಾಕುವುದಕ್ಕೂ ಈಜಿಗೂ ಸಂಬಂಧವೇ ಇರಲಿಲ್ಲ. ಕೂತ ಸೀಟು ಗಾಲಿಗಳ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಮೊದಲು ಕಾಲಿನಿಂದ ನೂಕಬೇಕು, ಆಮೇಲೆ ಬೆನ್ನು ವಾಲಿಸಬೇಕು, ಕೈ ಎಳೆಯುವುದು ಕಡೆಗೆ. ಪ್ರಮಿಳಾಳ ಕೈ ಕಾಲಿಗಿಂತ ಮೊದಲೇ ಓಡುತ್ತಿತ್ತು. ಕಲಿಸುತ್ತಿದ್ದ ಬಾಳಾಸಾಹೇಬ ಸರ್ ದಡದಿಂದ ಕೂಗುತ್ತಿದ್ದರು: "ಏ ಪ್ರಮಿಳಾ, ಬಾವ್ಯಾಗಿಂದ ಕೊಡಾ ಸೇದಾಕ ಕುಂತಿ ಏನ್? ಸಮೃದ್ಧಿನ್ನ ನೋಡ್, ಕಾಲಿಂದ ನೂಕತಾಳ!"

ನೋಡುವುದೇ ಆಗಿತ್ತು. ಸಮೃದ್ಧಿಯ ಹುಟ್ಟು ಸದ್ದಿಲ್ಲದೆ ನೀರಿಗಿಳಿದು ಸದ್ದಿಲ್ಲದೆ ಏಳುತ್ತಿತ್ತು. ಒಂದು ದಿನ ಅವ್ವ ಭರಮವ್ವ ಅರಿವೆ ಒಗೆಯುತ್ತ ಘಾಟಿನಲ್ಲಿ ಕೂತಿದ್ದವಳು ಮನೆಗೆ ಬಂದು, "ಆ ಸಣಕಲ ಹುಡುಗಿ ಎಷ್ಟ ಚಂದ ಕುಂದರ್ತಾಳಲ್ಲಬೇ ದೋಣ್ಯಾಗ," ಎಂದಳು. ಪ್ರಮಿಳಾಳ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ತನ್ನ ಬಗ್ಗೆ ಅವ್ವ ಏನನ್ನೂ ಹೇಳಲಿಲ್ಲ. ಕೇಳಲು ಅವಳಿಗೂ ಧೈರ್ಯವಾಗಲಿಲ್ಲ.

ಮುಂದಿನ ತಿಂಗಳು ಕಾಲೇಜುಗಳ ನಡುವೆ ಸ್ಪರ್ಧೆ. ದೋಣಿಗೆ ನಾಲ್ಕು ಸೀಟು, ಹುಡುಗಿಯರು ಐದು. ಉಳಿದವರಿಗೆ ಲಯ ಕೊಡುವ ಸೀಟಿಗೆ ಸಮೃದ್ಧಿಯ ಹೆಸರು ಬಂತು. ಪ್ರಮಿಳಾ ಐದನೆಯವಳು. ಯಾರಾದರೂ ತಪ್ಪಿದರೆ ಮಾತ್ರ ಅವಳಿಗೆ ಸೀಟು. ಆದರೆ ಜಾಕೀಟಿಲ್ಲದೆ ಐವತ್ತು ಮೀಟರ್ ಈಜಿ ತೋರಿಸದವರನ್ನು ಕರೆದೊಯ್ಯುವುದಿಲ್ಲ ಎಂದು ಸರ್ ಅಂದೇ ಹೇಳಿದರು. ಪರೀಕ್ಷೆಗೆ ಮೂರು ವಾರ ಇತ್ತು.

"ಪಮ್ಮಿ, ನೀನ ಕಲಸಬೇಕ ನೋಡ ನನಗ," ಎಂದು ಸಮೃದ್ಧಿ ಅವಳ ಕೈ ಹಿಡಿದಳು.

ಆ ಊರಿನಲ್ಲಿ ಈಜು ಕಲಿಸುವುದು ಹೀಗೆ: ಎಣ್ಣೆಯ ಖಾಲಿ ಡಬ್ಬಿಯನ್ನು ಬೆನ್ನಿಗೆ ಕಟ್ಟುತ್ತಾರೆ, ಅದು ತೇಲಿಸುತ್ತದೆ. ಕಲಿಸುವವರು ದಿನಾ ಡಬ್ಬಿಯೊಳಗೆ ಒಂದಿಷ್ಟು ನೀರು ತುಂಬುತ್ತಾರೆ, ಕಲಿಯುವವರಿಗೆ ಹೇಳುವುದಿಲ್ಲ. ಡಬ್ಬಿ ತೇಲಿಸುವುದು ಕಡಿಮೆಯಾದಷ್ಟೂ ಕೈಕಾಲು ತಾವೇ ದುಡಿಯುತ್ತವೆ. ಕಡೆಗೊಂದು ದಿನ ತುಂಬಿದ ಡಬ್ಬಿ ಬಿಚ್ಚಿ ತೋರಿಸಿ ನಗುತ್ತಾರೆ. ಭರಮವ್ವ ಪ್ರಮಿಳಾಗೆ ಕಲಿಸಿದ್ದೂ ಹಾಗೆಯೇ.

ಮೊದಲ ದಿನ ಪ್ರಮಿಳಾ ಖಾಲಿ ಡಬ್ಬಿ ಕಟ್ಟಿದಳು. ಎರಡನೆಯ ದಿನ ನೀರು ತುಂಬಲೆಂದು ಮುಚ್ಚಳ ತಿರುಗಿಸಿದಳು. ಅಷ್ಟರಲ್ಲಿ ಆಚೆ ದೋಣಿ ಕಟ್ಟುತ್ತಿದ್ದ ಸರ್, "ಸಮೃದ್ಧಿ, ಇವತ್ತ ನೀ ಹುಟ್ಟ ಹಾಕಿದ್ದ ಬೆಸ್ಟ್!" ಎಂದರು. ಪ್ರಮಿಳಾ ಮುಚ್ಚಳವನ್ನು ಮತ್ತೆ ಬಿಗಿದಳು. ನಾಳೆ ತುಂಬಿದರಾಯಿತು ಎಂದುಕೊಂಡಳು. ಮರುದಿನವೂ ಹಾಗೆಯೇ ಅಂದುಕೊಂಡಳು. ಮೂರು ವಾರವೂ ಡಬ್ಬಿ ಖಾಲಿಯೇ ಇತ್ತು. ಸಮೃದ್ಧಿ ಬೆಂಡಿನಂತೆ ತೇಲುತ್ತ ನಗುತ್ತಿದ್ದಳು: "ಕಲತ್ನಲ್ಲ ಪಮ್ಮಿ?"

"ಭಾರಿ ಕಲತಿ," ಎನ್ನುತ್ತಿದ್ದಳು ಪ್ರಮಿಳಾ. ಪರೀಕ್ಷೆಯ ದಿನ ಸಮೃದ್ಧಿ ಎರಡು ಗುಟುಕು ನೀರು ಕುಡಿದು ತಾನೇ ದಡ ಹಿಡಿಯುತ್ತಾಳೆ, ಸರ್ ಇರುತ್ತಾರೆ, ಏನೂ ಆಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಪರೀಕ್ಷೆಯ ರವಿವಾರ ಮೂವರು ಈಜಿ ಮುಗಿಸಿದರು. ಸಮೃದ್ಧಿ ಘಾಟಿನ ಕೊನೆಯ ಮೆಟ್ಟಿಲಿಗೆ ಬಂದಳು. ಅಲ್ಲಿಂದಾಚೆ ಎರಡಾಳು ನೀರು. ಅವಳ ಬೆನ್ನಿಗೆ ಡಬ್ಬಿ ಇರಲಿಲ್ಲ. ಹಿಂದೆ ತಿರುಗಿ ಪ್ರಮಿಳಾಳನ್ನು ನೋಡಿ ನಕ್ಕಳು. ಅಂಜಿಕೆಯ ಸುಳಿವೇ ಇರಲಿಲ್ಲ.

"ಸರ, ಬ್ಯಾಡ್ರಿ!" ಪ್ರಮಿಳಾ ಓಡಿ ಅವಳ ರಟ್ಟೆ ಹಿಡಿದಳು. "ಅಕಿಗಿ ಈಜ ಬರಂಗಿಲ್ರಿ. ನಾ... ನಾ ಡಬ್ಬ್ಯಾಗ ನೀರ ತುಂಬಿಲ್ರಿ. ಒಂದ ದಿನಾನೂ ತುಂಬಿಲ್ಲ."

ಊರಿನವರಿಗೆ ಮಾತ್ರ ಅರ್ಥವಾಗುವ ಮಾತು ಅದು. ಸಮೃದ್ಧಿ ಪಿಳಿಪಿಳಿ ನೋಡಿದಳು. ಸರ್ ಬಿಡಿಸಿ ಹೇಳಿದ ಮೇಲೆ ಅವಳ ಮೋರೆ ನಿಧಾನವಾಗಿ ಇಳಿಯಿತು.

"ಮತ್ತ ದಿನಾ ಭಾರಿ ಕಲತಿ ಅಂತಿದ್ದಿ?" ಅಷ್ಟೇ ಕೇಳಿದಳು. ರಟ್ಟೆ ಬಿಡಿಸಿಕೊಂಡು ದೂರ ನಿಂತಳು.

ಬಾಳಾಸಾಹೇಬರು ಕೈಯಲ್ಲಿದ್ದ ಹೆಸರಿನ ಪಟ್ಟಿ ಬಿಚ್ಚಿದರು. "ಹೆಸರ ಇವತ್ತ ಕಳಸಬೇಕ. ಈಜ ಬರೋವ್ರು ನಾಕ ಮಂದಿನ ಅದೀರಿ. ಖರೇ ಹೇಳತೇನಿ ಪ್ರಮಿಳಾ, ನಿನ್ನ ಕುಂದರಸಾಕ ನನಗ ಮನಸಿಲ್ಲ. ಆದ್ರ ಮೂರ ಮಂದಿಲೆ ದೋಣಿ ಹೋಗಂಗಿಲ್ಲ. ಹತ್ತ."

ಬೇಡ ಎನ್ನಬೇಕಿತ್ತು. ಅವಳು ಹತ್ತಿದಳು.

ದೋಣಿ ಮುಂದೆ ಹೋಗುತ್ತಿದ್ದರೂ ಹುಟ್ಟು ಹಾಕುವವರ ಮೋರೆ ಹಿಂದಕ್ಕೇ ಇರುತ್ತದೆ. ಹಾಗಾಗಿ ಘಾಟು ಅವಳ ಕಣ್ಣೆದುರಿಗೇ ಇತ್ತು. ಅರಿವೆಯ ಬುಟ್ಟಿ ಹೊತ್ತು ಬಂದ ಭರಮವ್ವನಿಗೆ ಯಾರೋ ನಡೆದದ್ದನ್ನು ಹೇಳುತ್ತಿದ್ದರು. ಅವ್ವ ದೋಣಿಯತ್ತ ಒಮ್ಮೆಯೂ ನೋಡಲಿಲ್ಲ. ಬುಟ್ಟಿ ಇಳಿಸಿ, ಸೀರೆಯ ಕಚ್ಚೆ ಬಿಗಿದು, ಸಮೃದ್ಧಿಯ ಕೈ ಹಿಡಿದು ಘಾಟಿನ ಪಕ್ಕದ ನಡುಮಟ್ಟದ ನೀರಿಗಿಳಿದಳು. ಅವಳ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟಳು.

"ಅಂಜಬ್ಯಾಡ ನನ ಮಗಳ, ಬಡಿ ಕಾಲ," ಎಂಬುದು ನೀರಿನ ಮೇಲಿಂದ ಸ್ಪಷ್ಟವಾಗಿ ಕೇಳಿಸಿತು.

ನನ ಮಗಳ. ಪ್ರಮಿಳಾಳ ಎದೆಯಲ್ಲಿ ಅದೇ ಹಳೆಯ ಉರಿ ಮತ್ತೆ ಎದ್ದಿತು. ಸೀಟು ಸಿಕ್ಕಿತ್ತು, ಆದರೂ ಎದ್ದಿತು. ಅವಳು ಹುಟ್ಟನ್ನು ಎರಡೂ ಕೈಯಿಂದ ಸೆಳೆದಳು.

"ಕಾಲಿಂದ, ಪ್ರಮಿಳಾ, ಕಾಲಿಂದ!" ದಡದಲ್ಲಿ ಬಾಳಾಸಾಹೇಬರು ಕೂಗುತ್ತಿದ್ದರು.