ಎರಡು ಪರದೆ, ಒಂದೇ ಚಿತ್ರ

"ಒಂಬತ್ತನೇ ಕ್ಲಾಸಿಗೇ ಪುಸ್ತಕ ಎಸೆದು ಬಂದವನ ಕೈಗೆ ಲ್ಯಾಪ್‌ಟಾಪ್ ಕೊಟ್ರೆ ಇನ್ನೇನಾಗುತ್ತೆ? ನೋಡಿ, ಎಲ್ರೂ ಬಂದು ನೋಡಿ. ಎರಡು ಮಾನಿಟರ್, ಎರಡರಲ್ಲೂ ಒಂದೇ ಲಾರಿ."

ಸಾಹೇಬರು ಕುರ್ಚಿ ಹಿಂದಕ್ಕೆ ತಳ್ಳಿ, ಅಂಗಡಿಯವನು ಸೀರೆ ಬಿಡಿಸಿ ತೋರಿಸುವಂತೆ ಎರಡೂ ಕೈ ಚಾಚಿದರು. ಲಾರಿ ಆಫೀಸಿನ ಮಂದಿಯೆಲ್ಲ ಮೇಜು ಬಿಟ್ಟು ಎದ್ದು ಬಂದರು. ಬಾರದೆ ಇರಲು ಅವರಿಗೇನು ಹುಚ್ಚೇ? ಬೆಳಗಿನಿಂದ ಬೇರೆ ತಮಾಷೆಯೇ ಇರಲಿಲ್ಲ. ಎಡಗಡೆಯ ಪರದೆಯಲ್ಲಿ ನಕ್ಷೆ, ಅದರ ಮೇಲೆ ಹೆದ್ದಾರಿಯಲ್ಲಿ ತೆವಳುವ ಕೆಂಪು ಚುಕ್ಕೆ. ಬಲಗಡೆಯ ಪರದೆಯಲ್ಲೂ ಅದೇ ನಕ್ಷೆ, ಅದೇ ಚುಕ್ಕೆ. ಸಾಹೇಬರು ಕೇಳಿದ್ದು ಒಂದರಲ್ಲಿ ಲಾರಿಗಳು, ಇನ್ನೊಂದರಲ್ಲಿ ಗೋದಾಮಿನ ಸರಕು, ಲ್ಯಾಪ್‌ಟಾಪಿನಲ್ಲಿ ಬಂದ ಮೇಲ್‌ಗಳು.

"ಬಿಡಿ ಸಾರ್, ಒಂದೊಂದು ಕಣ್ಣಿಗೆ ಒಂದೊಂದು," ಎಂದ ಬಿಲ್ಲಿನ ಗುಮಾಸ್ತ. ನಗು ಎದ್ದಿತು.

ಬೈಸಿಕೊಂಡವನು ಮೇಜಿನಡಿ ಮಂಡಿಯೂರಿಕೊಂಡೇ ಇದ್ದ. ಆಫೀಸಿನಲ್ಲಿ ಅವನಿಗಿದ್ದ ಹೆಸರು ವೈರು. ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವನನ್ನು, ಮೊಬೈಲು ಬಿಚ್ಚಿ ಜೋಡಿಸುತ್ತಾನೆ ಎಂಬ ಒಂದೇ ಕಾರಣಕ್ಕೆ, ಕಂಪ್ಯೂಟರ್ ಕೆಲಸಕ್ಕೆ ನೋಡೋಣ ಎಂದು ಮೇಲೆ ತಂದಿದ್ದರು. ಈ ವಾರ ದಾಟಿದರೆ ಕೆಲಸ ಕಾಯಂ, ಇಲ್ಲವಾದರೆ ಬಂದ ದಾರಿ. ತಪ್ಪು ಅವನದೇ, ಅದರಲ್ಲಿ ಎರಡು ಮಾತಿಲ್ಲ. ಲ್ಯಾಪ್‌ಟಾಪಿಗೆ ಮಾನಿಟರ್ ಸಿಕ್ಕಿಸುವ ತೂತು ಇದ್ದದ್ದು ಒಂದೇ. ಒಂದು ಕಡೆ ಹಾಕಿದರೆ ಎರಡು ಕಡೆ ಬರುತ್ತದೆ ಎಂದು ಪೊಟ್ಟಣದ ಮೇಲಿನ ಚಿತ್ರ ನೋಡಿ ಒಂದು ಪುಟ್ಟ ಡಬ್ಬಿ ತಂದಿದ್ದ. ಎರಡು ಕಡೆ ಬಂದದ್ದೇನೋ ನಿಜ.

ನಗುವವರು ನಗಲಿ, ಅದು ಅವನಿಗೆ ಅಭ್ಯಾಸವಾಗಿತ್ತು. ಆದರೆ ಆ ಭುಜಗಳ ಹಿಂದೆ, ಗಾಜಿನ ಗೋಡೆ ಒರೆಸುತ್ತಿದ್ದವಳು ಅವನ ಅಮ್ಮ. ಅವನಿಗೆ ಹಲ್ಲು ಬರುವ ಮೊದಲಿನಿಂದ ಇಲ್ಲಿ ನೆಲ ಒರೆಸುತ್ತಿರುವವಳು. ಮಗನನ್ನು ಮೇಲೆ ತನ್ನಿ ಎಂದು ಸಾಹೇಬರ ಬೆನ್ನು ಬಿದ್ದವಳೂ ಅವಳೇ. ಅವಳ ಕೈ ಗಾಜಿನ ಮೇಲೆ ನಿಂತುಬಿಟ್ಟಿತ್ತು.

"ಸಂಜೆಯೊಳಗೆ ಸರಿ ಮಾಡ್ತೀನಿ ಸಾರ್."

"ಮಾಡಪ್ಪಾ, ಮಾಡು. ಆಗದಿದ್ರೆ ನಿಮ್ಮಮ್ಮನ್ನ ಕೇಳು. ಅವಳಿಗಾದ್ರೂ ಕೊಟ್ಟ ಕೆಲಸ ಮಾಡೋಕೆ ಬರುತ್ತೆ."

ಡಬ್ಬಿ ಕೊಂಡಿದ್ದ ಅಂಗಡಿಗೆ ಓಡಿದ. ಅಂಗಡಿಯವನು ಅದನ್ನು ತಿರುಗಿಸಿ ನೋಡಿ ಲೊಚಗುಟ್ಟಿದ. "ಇದು ಒಂದೇ ಚಿತ್ರಾನ ಎರಡು ಕಡೆ ಹಂಚುತ್ತೆ, ಅಷ್ಟೇ. ಬೇರೆ ಬೇರೆ ಬೇಕು ಅಂತ ಬಾಯಿ ಬಿಟ್ಟು ಹೇಳ್ಬೇಕಲ್ವಾ ತಮ್ಮಾ? ಮೊದಲನೇ ಮಾನಿಟರ್ ನೇರ ಹಾಕು. ಎರಡನೇದಕ್ಕೆ ಈ ಇನ್ನೊಂದು ಡಬ್ಬಿ, ಯುಎಸ್‌ಬಿಗೆ ಸಿಕ್ಕಿಸೋದು. ಸಾಫ್ಟ್‌ವೇರ್ ಹಾಕೋದು ಮರೀಬೇಡ, ಹಾಕದಿದ್ರೆ ಬರೀ ಕಪ್ಪು ಕಾಣುತ್ತೆ."

ಪೊಟ್ಟಣ ಹರಿದಿರಲಿಲ್ಲವಾದ್ದರಿಂದ ಬದಲಾಯಿಸಿ ಕೊಟ್ಟ. ಅವನು ಓಡಿಯೇ ಬಂದ.

ಊಟಕ್ಕೆ ಹೋದ ಸಾಹೇಬರು ಇನ್ನೂ ಬಂದಿರಲಿಲ್ಲ. ಸಾಫ್ಟ್‌ವೇರ್ ಹಾಕುವಾಗ ಒಮ್ಮೆ ಎಲ್ಲ ಕಪ್ಪಾಯಿತು. ಆಮೇಲೆ ಬಲಗಡೆಯ ಪರದೆ ಮಿನುಗಿ, ನೀಲಿಯಾಗಿ, ಖಾಲಿಯಾಗಿ ತೆರೆದುಕೊಂಡಿತು. ಗೋದಾಮಿನ ಪಟ್ಟಿಯನ್ನು ಮೌಸಿನಿಂದ ಹಿಡಿದು ಎಳೆದ. ಅದು ಲ್ಯಾಪ್‌ಟಾಪಿನ ಅಂಚು ದಾಟಿ, ನಕ್ಷೆಯನ್ನು ಹಾದು, ಆ ಕಡೆ ಹೋಗಿ ಕುಳಿತಿತು. ಮತ್ತೆ ಈಚೆಗೆ ತಂದ. ಮತ್ತೆ ಕಳಿಸಿದ. ಯಾರಾದರೂ ನೋಡಿದರೇ ಎಂದು ತಲೆ ಎತ್ತಿದ.

"ಬಂತಾ?" ಎಂದ ಗುಮಾಸ್ತ, ತುತ್ತು ನುಂಗುತ್ತ. "ಹಂಗೇ ನನ್ನ ಪ್ರಿಂಟರೂ ಒಂಚೂರು ನೋಡ್ಬಿಡು."

ಸಾಹೇಬರು ಬಂದವರೇ ಕುಳಿತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಫೋನಿನಲ್ಲಿ ಯಾವನೋ ಡ್ರೈವರಿಗೆ ಬೈಯತೊಡಗಿದರು. ಹುಟ್ಟಿದಾಗಿನಿಂದ ಮೂರು ಪರದೆಯ ಮುಂದೆಯೇ ಕುಳಿತವರ ಹಾಗೆ. ಅವನು ಕಾದ. ಫೋನು ಇಟ್ಟ ಮೇಲೂ ಕಾದ.

"ಇನ್ನೇನು?"

"ಆಯ್ತು ಸಾರ್. ಮೂರರಲ್ಲೂ ಬೇರೆ ಬೇರೆ."

"ಕಾಣುತ್ತೆ, ನಂಗೂ ಕಣ್ಣಿದೆ. ನಿನ್ನ ವಿಷಯ ನಿಮ್ಮಮ್ಮನಿಗೆ ಹೇಳಿದ್ದೀನಿ. ಹೋಗಿ ಕೇಳು."

ಕಾಯಂ ಮಾಡಿದರು ಎಂದುಕೊಂಡ. ಹುಚ್ಚು ಮನಸ್ಸು, ಇನ್ನೇನು ಅಂದುಕೊಂಡೀತು! ಅಮ್ಮ ಹೊರಗಿನ ಓಣಿಯಂಥ ದಾರಿಯಲ್ಲಿ ನೆಲ ಒರೆಸುತ್ತಿದ್ದಳು. ಅವನನ್ನು ಕಂಡು ಸೊಂಟ ಹಿಡಿದುಕೊಂಡು ನೆಟ್ಟಗಾದಳು. ಮುಖ ಅರಳಿತ್ತು.

"ಉಳೀತು ಕಣೋ. ನೀನು ಅಂಗಡಿಗೆ ಹೋದ್ಯಲ್ಲ, ಆಗ್ಲೇ ಹೋಗಿ ಕೈ ಮುಗಿದೆ. ಇವತ್ತೇ ತೆಗೆದುಹಾಕ್ತೀನಿ ಅಂತ ಕೂತಿದ್ರು."

"ಏನಂದೆ?"

"ಏನನ್ಲಿ? ಅವನಿಗೆ ಇದೆಲ್ಲ ತಲೆಗೆ ಹತ್ತಲ್ಲ ಸಾಹೇಬ್ರೇ, ಚಿಕ್ಕಂದಿನಿಂದ್ಲೂ ಅಷ್ಟೇ, ನಾನೇ ಬಲವಂತ ಮಾಡಿದ್ದು ತಪ್ಪಾಯ್ತು ಅಂದೆ. ಕರಗಿದ್ರು. ಸೋಮವಾರದಿಂದ ಮೇಲಿನ ಮಹಡಿ ನಿಂದು, ಕೆಳಗಿಂದು ನಂದು. ಬಟ್ಟೆ, ಬಕೆಟ್ಟು ಎಲ್ಲಾ ಅವರೇ ಕೊಡ್ತಾರೆ. ಕಾಯಂ ಕಣೋ."

"ಸರಿಯಾಯ್ತಮ್ಮ ಅದು. ಈಗ ಬರ್ತಿದೆ."

"ಬಂತಾ?"

ಅವಳ ಕಣ್ಣಿನಲ್ಲಿ ಏನೋ ಅಲುಗಿತು. ಒಂದು ಗಳಿಗೆ, ಅಷ್ಟೇ. ಆಮೇಲೆ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಇನ್ನೊಂದು ಮಗ್ಗುಲಿಗೆ ತಿರುಗಿಸಿಕೊಂಡಳು.

"ಬಂದ್ರೇನು ಬಿಡು. ನಾಳೆ ಇನ್ನೊಂದು ತಂದಿಡ್ತಾರೆ, ಅದು ಬರಲಿಲ್ಲ ಅಂದ್ರೆ? ಎಲ್ಲರ ಮುಂದೆ ಮತ್ತೆ ಹಂಗೇ ಅನ್ನಿಸ್ಕೋತೀಯಾ? ನನ್ನ ಕೈಲಿ ಕೇಳೋಕಾಗಲ್ಲಪ್ಪ. ಇದ್ರಲ್ಲಿ ಅಂಥ ರಗಳೆ ಇಲ್ಲ. ನಲ್ಲಿ ತಿರುಗಿಸಿದ್ರೆ ನೀರು ಬರುತ್ತೆ, ಒರೆಸಿದ್ರೆ ಕೊಳೆ ಹೋಗುತ್ತೆ."

ಅವಳು ಸಂಜೆಯವರೆಗೆ ತಾಳಿದ್ದರೆ ಸಾಕಿತ್ತು. ಅದನ್ನು ಹೇಳಬೇಕೆಂದು ಬಾಯಿ ತೆರೆದ. ನೀರಿನಲ್ಲಿ ನೆನೆದು ನೆನೆದು ಬಿಳಿಚಿದ ಅವಳ ಬೆರಳುಗಳು ಕಂಡವು. ಬೈಯುವುದಕ್ಕೆ ಬೇರೆ ಯಾರಾದರೂ ಎದುರಿಗೆ ಇದ್ದಿದ್ದರೆ!

"ಒಳಗೆ ಹೋಗಿ ಸಾಹೇಬ್ರಿಗೆ ಉಪಕಾರ ಆಯ್ತು ಅಂತ ಒಂದು ಮಾತು ಹೇಳ್ಬಿಟ್ಟು ಬಾ. ಏನೋ? ಮಗಾ, ಏನಾದ್ರೂ ಅನ್ನೋ."

ಅವನು ಹೊರಬಾಗಿಲ ಕಡೆ ತಿರುಗಿ ನಡೆದ. ಅಲ್ಲಿಯವರೆಗೂ ನೆಲ ಆಗತಾನೆ ಒರೆಸಿದ್ದು, ಒದ್ದೆ. ಬದಿಯಲ್ಲಿ ಹೋಗೋ ಎಂದು ಅವಳು ಕೂಗಿದಳು. ಅವನು ನಡುಮಧ್ಯದಲ್ಲೇ ಹೋದ. ಅಂಗಡಿಯಿಂದ ಓಡಿಬಂದ ರಸ್ತೆಯ ಧೂಳು ಚಪ್ಪಲಿಯಿಂದ ಕೆಸರಾಗಿ ನೆಲಕ್ಕೆ ಇಳಿಯಿತು. ಬಾಗಿಲು ದೂಡುವಾಗ, ಬೆನ್ನ ಹಿಂದೆ ಬಕೆಟ್ಟು ಸರಿದ ಸದ್ದು, ಬಟ್ಟೆ ಹಿಂಡಿದ ಸದ್ದು ಕೇಳಿಸಿತು.