ಮೊದಲ ಸಾಲಿನ ಖಾಲಿ ಡಿಸ್ಕ್

ಬೂಟ್ ಮಾಡಲು ಡಿಸ್ಕ್ ಸಿಗಲಿಲ್ಲ — ಕಪ್ಪು ಪರದೆಯ ಮೇಲೆ ಮತ್ತದೇ ಬಿಳಿ ಸಾಲು, ಮೂರು ಡಿಸ್ಕ್ ಜೋಡಿಸಿಟ್ಟಿದ್ದರೂ ಸಿಗಲಿಲ್ಲವಂತೆ, ತೆರೆದ ಕಪಾಟಿನ ಮುಂದೆ ನಿಂತು ನನ್ನ ಟವೆಲ್ ಎಲ್ಲೇ ಎಂದು ಕೂಗುವ ನನ್ನ ಗಂಡನ ಹಾಗೆ, ಸರಿ, ಒಂದೊಂದಾಗಿ ಕಳಚಿ ನೋಡೋಣ, ಕೆಳಗಿನ ಲ್ಯಾಬಿನವರದು ಆಗಲೇ ಮೂರನೇ ಫೋನು, ರಿಪೋರ್ಟ್ ಕೈಯಲ್ಲಿ ಬರೆದು ಬರೆದು ಬೆರಳು ಬಿದ್ದುಹೋಯ್ತು ಮೇಡಂ, ಯಾವಾಗ ಏಳ್ತಾಳೆ ನಿಮ್ಮ ಮಹಾರಾಣಿ — ಮಹಾರಾಣಿಗೆ ಮೈಯೇ ಇಲ್ಲ, ವರ್ಚುವಲ್ ಮಷೀನ್, ಇನ್ನೊಂದು ಯಂತ್ರದ ಹೊಟ್ಟೆಯೊಳಗೆ ಬದುಕುವವಳು, ಆಸ್ಪತ್ರೆಯ ರಿಪೋರ್ಟೆಲ್ಲ ಅವಳ ಹತ್ತಿರ. ರಿಪೋರ್ಟಿನ ಡಿಸ್ಕ್ ಕಳಚಿದೆ, ಏಳಲಿಲ್ಲ, ಬ್ಯಾಕಪ್ಪಿನ ಹೊಸ ಖಾಲಿ ಡಿಸ್ಕ್ ಕಳಚಿದೆ — ಎದ್ದಳು. ಹಾಗಾದರೆ ಅಕ್ಕ ಏನನ್ನೂ ಅಳಿಸಿಲ್ಲ, ನನಗೆ ಈ ಕೆಲಸ ಕಲಿಸಿದ ಅಕ್ಕನಿಗೆ ನಿನ್ನೆ ಎಲ್ಲರೆದುರು ಅಂದೆನಲ್ಲ, ಏನೇನೋ ಒತ್ತಿದ್ದೀರಿ, ನಿಮ್ಮ ಕೈಲಿ ಇನ್ನು ಆಗಲ್ಲ ಬಿಡಿ ಅಂತ, ನಾನು ಬರೀ ರೀಸ್ಟಾರ್ಟ್ ಕೊಟ್ಟೆ ಕಣೆ ಅಂದರು, ಅಷ್ಟೇ ಅಂದರು, ಗುರುವಾರ ಮನೆಗೆ ಹೊರಡುವ ಅವಸರದಲ್ಲಿ ಆ ಖಾಲಿ ಡಿಸ್ಕನ್ನು ಮೊದಲ ಸಾಲಿಗೆ ಕೂರಿಸಿದವಳು ಯಾರು, ಇಲ್ಲಿದೆ, ಬದಲಾವಣೆಗಳ ಪಟ್ಟಿಯಲ್ಲಿ ದಿನಾಂಕದ ಪಕ್ಕ ನನ್ನದೇ ಹೆಸರು, ಓಡುವ ಯಂತ್ರಕ್ಕೆ ಅದು ತಿಳಿಯುವುದೂ ಇಲ್ಲ, ನಿಂತು ಮತ್ತೆ ಏಳುವಾಗಲೇ ಮೊದಲ ಡಿಸ್ಕನ್ನು ತಡಕುತ್ತದೆ, ಏನೂ ಸಿಗದೆ ಕೈಚೆಲ್ಲುತ್ತದೆ, ಎಬ್ಬಿಸಲು ಹೋದವರ ತಲೆಗೆ ಅದು ಸುತ್ತಿಕೊಳ್ಳುತ್ತದೆ. ಸಾಲು ಬದಲಿಸಿ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹನ್ನೊಂದಕ್ಕೆ ಸಾಹೇಬರು ಅಕ್ಕನನ್ನು ಕೆಲಸದಿಂದ ತೆಗೆಯುವ ಪತ್ರಕ್ಕೆ ಸಹಿ ಹಾಕುತ್ತಿದ್ದರು, ಹೋದೆ, ತಪ್ಪು ನನ್ನದು ಸರ್ ಅಂದೆ, ಅವರು ತಲೆಯೆತ್ತದೆ ಪತ್ರ ಹರಿದರು, ಇಷ್ಟು ಸುಲಭವೇ ಅನ್ನಿಸಿತು, ಆಮೇಲೆ ಅಕ್ಕನಿಗೆ ಫೋನು, ನನ್ನದೇ ತಪ್ಪು ಅಕ್ಕಾ, ನಾಳೆ ಬನ್ನಿ — ಅಕ್ಕ ನಕ್ಕರು, ನನ್ನನ್ನ ಉಳಿಸೋಕೆ ನಿನ್ನ ಮೇಲೆ ಹಾಕ್ಕೋತೀಯಾ, ಹುಚ್ಚಿ, ನೀನು ಹೇಳಿದ ಮೇಲೆ ನಾನೂ ಯೋಚನೆ ಮಾಡಿದೆ, ನಾನೇ ಏನೋ ಒತ್ತಿರ್ಬೇಕು, ನೆನಪಿಲ್ಲ ಅಷ್ಟೇ, ಇಲ್ಲ ಅಕ್ಕಾ ನನ್ನ ಮಾತು ಕೇಳಿ, ಬೇಡ ಕಣೆ, ರಿಪೋರ್ಟೆಲ್ಲ ಉಳೀತಲ್ಲ, ಸಾಕು, ಇನ್ನು ನಾನು ಬರಲ್ಲ — ಇಟ್ಟುಬಿಟ್ಟರು, ಮತ್ತೆ ಒತ್ತಿದರೆ ಎತ್ತುತ್ತಿಲ್ಲ, ನಿನ್ನೆಯಿಂದ ಕಣ್ಣು ಮುಚ್ಚಿದರೂ ತೆರೆದರೂ ಅದೇ, ನಾನು ಕೂಗಿ ಮುಗಿಸಿದ ಮೇಲೆ ಅಕ್ಕ ಬಲಗೈಯನ್ನು ಮೇಜಿನ ಮೇಲೆ ಅಗಲಿಸಿ, ಬೇರೆ ಯಾರದೋ ಕೈ ಎಂಬಂತೆ, ಒಂದೊಂದೇ ಬೆರಳನ್ನು ನೋಡುತ್ತಾ ಕೂತದ್ದು.